ಗದ್ದದವರೆಗೆ ಬಂದ ಕೈ

ಕ್ರೀಡಾಂಗಣದಲ್ಲಿ ಎಲ್ಲರೂ ಚೆಂಡನ್ನು ನೋಡುತ್ತಾರೆ. ನಾನು ನೋಡುವುದಿಲ್ಲ. ನಾನು ನನ್ನ ಗಂಡನ ಮುಖ ನೋಡುತ್ತೇನೆ, ಅದು ಇನ್ನೂ ಇದ್ದ ಹಾಗೇ ಇದೆಯೇ ಎಂದು. ನಗಬೇಡಿ. ಕಳೆದ ಜನವರಿಯಲ್ಲಿ ನೀವು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದರೆ ನಿಮಗೂ ಇದೇ ಚಟ ಅಂಟಿಕೊಳ್ಳುತ್ತಿತ್ತು.

ನನ್ನ ಗಂಡ ಎಲಿಜಿಯೊ ಬೇಸ್‌ಬಾಲ್ ಪಿಚರ್. ಮೈದಾನದ ನಡುವಿನ ಮಣ್ಣಿನ ದಿಣ್ಣೆ ಹತ್ತಿ ಬ್ಯಾಟರ್‌ಗೆ ಚೆಂಡೆಸೆಯುವುದನ್ನು ಬಿಟ್ಟು ಬೇರೆ ಕಸುಬು ಕಲಿತವನಲ್ಲ. ಮೀಸೆ ಮೂಡುವ ಮೊದಲೇ ಅಮೆರಿಕದ ತಂಡವೊಂದು ಅವನಿಂದ ಕರಾರಿಗೆ ಸಹಿ ಹಾಕಿಸಿಕೊಂಡಿತು. ಆಮೇಲೆ ಹೆಸರೇ ನೆನಪುಳಿಯದ ಸಣ್ಣ ಸಣ್ಣ ಊರುಗಳು, ಬಸ್ಸಿನ ಪ್ರಯಾಣ, ತಣ್ಣಗಿನ ಬ್ರೆಡ್ಡು, ಅರ್ಥವಾಗದ ಭಾಷೆಯಲ್ಲಿ ಬೈಗುಳ. ಹೀಗೇ ಹತ್ತು ವರ್ಷದ ಮೇಲಾಯಿತು. ಅದರಲ್ಲಿ ಒಂದೇ ಒಂದು ಸೆಪ್ಟೆಂಬರ್ ತಿಂಗಳು ದೊಡ್ಡ ಲೀಗಿನಲ್ಲಿ ಆಡಿದ. ಆ ತಿಂಗಳು ನನ್ನ ಅತ್ತೆ ದೋನ್ಯಾ ಚೆಯಾ ಸಾನ್ ಪೆದ್ರೊದ ನಮ್ಮ ಬೀದಿಯಲ್ಲಿ ನಡೆಯುತ್ತಿದ್ದ ಠೀವಿ ನೋಡಬೇಕಿತ್ತು. ಮೀನು ಕೊಳ್ಳುವುದಕ್ಕೂ ಮದುವೆಯ ಶೂ ಹಾಕಿಕೊಂಡು ಹೋಗುತ್ತಿದ್ದರು. ಅಕ್ಟೋಬರಿನಲ್ಲಿ ಅವನ ಮೊಣಕೈ ಕೈಕೊಟ್ಟಿತು. ಕೊಯ್ದರು, ಹೊಲಿದರು, ಥ್ಯಾಂಕ್ಸ್ ಎಂದು ಹೇಳಿ ಮನೆಗೆ ಕಳಿಸಿದರು. ಅಂದಿನಿಂದ ಬೇಸಿಗೆಯಲ್ಲಿ ಮೆಕ್ಸಿಕೊ, ಚಳಿಗಾಲದಲ್ಲಿ ನಮ್ಮೂರ ತಂಡ. ಈಗ ಅವನಿಗೆ ಮೂವತ್ನಾಲ್ಕು. ಈ ಆಟದಲ್ಲಿ ಅದು ಅಜ್ಜನ ವಯಸ್ಸು.

ಇನ್ನು ಬಿಯೆನ್ವೆ. ಅವನೂ ನಮ್ಮ ಬೀದಿಯವನೇ. ಇಬ್ಬರೂ ಒಂದೇ ಪೊರಕೆ ಕೋಲು ಹಿಡಿದು ಆಟ ಕಲಿತವರು. ಇವನು ಎಸೆಯುವವನಾದ, ಅವನು ಹೊಡೆಯುವವನಾದ. ಹೊಡೆಯುವವನಾಗಿ ನಮ್ಮೂರ ಬದ್ಧ ಎದುರಾಳಿ ರಾಜಧಾನಿಯ ತಂಡಕ್ಕೆ ಸೇರಿದಾಗ ಅವನ ಹೆತ್ತಮ್ಮನೇ ಒಂದಷ್ಟು ದಿನ ಅವನಿಗೆ ಅನ್ನ ಬಡಿಸಲಿಲ್ಲ. ನಮ್ಮ ಮಗಳು ನಾಯೆಲಿಗೆ ಚರ್ಚಿನಲ್ಲಿ ಹೆಸರಿಡುವಾಗ ಅವಳನ್ನು ತೋಳಿನಲ್ಲಿ ಹಿಡಿದು ನಿಂತವನು ಬಿಯೆನ್ವೆ. ನಮ್ಮಲ್ಲಿ ಹಾಗೆ ನಿಂತವನು ಒಡಹುಟ್ಟಿದವನಿಗಿಂತ ಹೆಚ್ಚು. ಗಂಡಸರಿಬ್ಬರೂ ಒಬ್ಬರನ್ನೊಬ್ಬರು ಕೊಂಪಾಯ್ ಎನ್ನಬೇಕು, ಅವನು ನನ್ನನ್ನು ಕೊಮಾಯ್ ಎನ್ನಬೇಕು. ಏನೋ, ಬಾರೋ ಎಂದು ಕಿತ್ತಾಡಿಕೊಂಡಿದ್ದ ಇಬ್ಬರೂ ಅಂದಿನಿಂದ ನೀವು ತಾವು ಎನ್ನತೊಡಗಿದರು. ಅವನೊಂದಿಗೆ ಮಾತು ಬಿಡುವಂತಿಲ್ಲ, ಅವನಿಗೆ ಕೇಡು ಬಗೆಯುವಂತಿಲ್ಲ.

ಮೈದಾನದಲ್ಲಿ ಮಾತ್ರ ಈ ನೆಂಟಸ್ತಿಕೆ ನಡೆಯುವುದಿಲ್ಲ. ಅಲ್ಲಿ ದಯೆ ತೋರಿಸಿದರೆ ಅದು ಅವಮಾನ. ಬಿಯೆನ್ವೆ ನನ್ನ ಗಂಡನ ಚೆಂಡನ್ನು ಬೇಲಿಯಾಚೆ ಹೊಡೆದ ದಿನ ನಮ್ಮ ಮನೆಗೇ ಬಂದು ಊಟ ಮಾಡಿ, ಹಲ್ಲಿನ ಸಂದಿಗೆ ಕಡ್ಡಿ ಹಾಕಿಕೊಳ್ಳುತ್ತಾ, "ಕೊಂಪಾಯ್, ನಿಮ್ ಚೆಂಡು ಇನ್ನೂ ಹಾರ್ತಾ ಇದೆಯಂತೆ, ಸಮುದ್ರದ ಕಡೆಯಿಂದ ಫೋನ್ ಬಂದಿತ್ತು" ಎನ್ನುತ್ತಿದ್ದ. ಇವನು ಅವನನ್ನು ಔಟ್ ಮಾಡಿದ ದಿನ ಇದಕ್ಕಿಂತ ಕೆಟ್ಟದಾಗಿ ಚುಡಾಯಿಸುತ್ತಿದ್ದ. ಅದೇ ಅವರಿಬ್ಬರ ಪ್ರೀತಿ.

ಆ ಜನವರಿಯಲ್ಲಿ ಎಲಿಜಿಯೊ ಅವನಿಗೆ ನೇರ ಚೆಂಡು ಎಸೆದ. ನೇರ ಎಂದರೆ ಮೈಯ ಬಲವನ್ನೆಲ್ಲ ಹಾಕಿ ಎಸೆಯುವ ಚೆಂಡು, ತಿರುಗುವುದಿಲ್ಲ, ಬಾಗುವುದಿಲ್ಲ. ಬಿಯೆನ್ವೆ ಹೊಡೆದ. ಬಂದ ದಾರಿಯಲ್ಲೇ ಚೆಂಡು ಹಿಂದಕ್ಕೆ ಹೋಗಿ ನನ್ನ ಗಂಡನ ಕಣ್ಣಿನ ಕೆಳಗೆ ಬಡಿಯಿತು. ಒಣ ತೆಂಗಿನಕಾಯಿ ಸಿಮೆಂಟಿನ ಮೇಲೆ ಬಿದ್ದ ಸದ್ದು. ನಮ್ಮ ಕಡೆಯ ಡೋಲು, ಕಹಳೆ ಎಲ್ಲ ಒಟ್ಟಿಗೇ ನಿಂತವು. ಮೂರನೇ ಬೇಸಿನ ಆಟಗಾರ ಅಭ್ಯಾಸಬಲದಿಂದ ಚೆಂಡೆತ್ತಿ, ಹೊಡೆದವನು ಓಡಿ ಮುಟ್ಟಬೇಕಾದ ಮೊದಲ ಬೇಸಿಗೆ ಎಸೆದ. ಆದರೆ ಬಿಯೆನ್ವೆ ಅತ್ತ ಓಡಿರಲೇ ಇಲ್ಲ. ಬ್ಯಾಟು ಬಿಸಾಡಿ ದಿಣ್ಣೆಯ ಕಡೆ ಓಡಿದ್ದ. ಎಲ್ಲರಿಗಿಂತ ಮೊದಲು ರಕ್ತದಲ್ಲಿ ಕೈಯಿಟ್ಟವನು ಅವನೇ.

ಕೆನ್ನೆಯ ಮೂಳೆ ಚೂರಾಗಿತ್ತು. ಒಳಗೆ ಲೋಹದ ಪಟ್ಟಿ ಕೂರಿಸಿದರು. ಕಣ್ಣು ಉಳಿಯಿತು, ಅಷ್ಟು ಪುಣ್ಯ. ಬೇಸಿಗೆ ಪೂರ್ತಿ ಮನೆಯಲ್ಲಿದ್ದ. ಹೆದರಿಕೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡುವುದೇನು ಬಂತು, ನನಗೆ ಕಾಣುತ್ತಿತ್ತಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ಬಿದ್ದರೆ ತಲೆ ತಗ್ಗಿಸುತ್ತಿದ್ದ. ನಾಯೆಲಿ ಕಾಲುಚೀಲ ಉಂಡೆ ಮಾಡಿ ಎಸೆದರೆ ಕಣ್ಣು ಮುಚ್ಚುತ್ತಿದ್ದ. ಆಮೇಲೆ ಧೂಳು ಬಿತ್ತು ಎಂದು ಕಣ್ಣುಜ್ಜಿಕೊಳ್ಳುತ್ತಿದ್ದ. ಡಾಕ್ಟರು ಟೋಪಿಯೊಳಗೆ ಇಟ್ಟುಕೊಳ್ಳಲು ಒಂದು ಮೆತ್ತೆ ಕೊಟ್ಟಿದ್ದರು. "ತಲೆ ಮೇಲೆ ದಿಂಬು ಕಟ್ಕೊಂಡು ಆಡೋಕೆ ನಾನೇನು ಬಾಣಂತೀನಾ?" ಎಂದು ಅದನ್ನು ನಾಯಿಗೆ ಹಾಸಿಬಿಟ್ಟ.

ಚಳಿಗಾಲದ ಆಟ ಶುರುವಾದಾಗ ಮತ್ತೆ ದಿಣ್ಣೆ ಹತ್ತಿದ. ಮೊದಮೊದಲು ಚೆನ್ನಾಗಿಯೇ ಆಡಿದ. ಕೊನೆಯ ಸುತ್ತು ಬರುವ ಹೊತ್ತಿಗೆ ಎದುರಿನವರು ಅವನ ನೇರ ಚೆಂಡುಗಳನ್ನು ಚಚ್ಚತೊಡಗಿದರು. ಮೆಕ್ಸಿಕೊದ ತಂಡದವನೊಬ್ಬ ನೋಡಲು ಬಂದಿದ್ದಾನೆ ಎಂಬ ಸುದ್ದಿ ಬಂತು. ಅವನಿಗೆ ಮೆಚ್ಚುಗೆಯಾದರೆ ಇನ್ನೊಂದು ಬೇಸಿಗೆ, ಇಲ್ಲದಿದ್ದರೆ ಮನೆ. ಮೆಚ್ಚುಗೆಯಾಗಲಿ ಎಂದು ಎಲಿಜಿಯೊ ಹರಕೆ ಹೊತ್ತ. ನಾನು ಏನು ಬೇಡಿಕೊಂಡೆ ಎಂದು ನನ್ನನ್ನು ಕೇಳಬೇಡಿ.

ಆ ಭಾನುವಾರ ರಾಜಧಾನಿಯ ತಂಡದ ಜೊತೆ ಆಟ. ಹಿಂದಿನ ದಿನ ಶನಿವಾರ ಬೆಳಿಗ್ಗೆ ಬಿಯೆನ್ವೆ ನಮ್ಮ ಹಿತ್ತಿಲ ಬಾಗಿಲಿಗೆ ಬಂದ. ನಮ್ಮ ಮನೆಯ ಮುಂದಿನ ಕೋಣೆ ನನ್ನ ಪಾರ್ಲರ್. ಶನಿವಾರವೆಂದರೆ ಅಲ್ಲಿ ಕಾಲಿಡಲು ಜಾಗವಿಲ್ಲ. ತಲೆಯ ಮೇಲೆ ಡ್ರೈಯರ್ ಇಟ್ಟುಕೊಂಡು ಕೂತ ಹೆಂಗಸರೆಲ್ಲ ಕತ್ತು ಚಾಚಿದರು. ನಾಳೆ ಎದುರಾಳಿಯಾಗಿ ಆಡುವವನು ಇಂದು ನಮ್ಮ ಅಡುಗೆಮನೆಯಲ್ಲಿ ಎಂದರೆ ಸಣ್ಣ ಸುದ್ದಿಯೇ? ನಾನು ಕೈಯಲ್ಲಿದ್ದ ಬಣ್ಣದ ಬ್ರಶ್ಶು ಕೆಳಗಿಟ್ಟು ಒಳಗೆ ಹೋಗಿ ಬಾಗಿಲು ಹಾಕಿದೆ. ದೋನ್ಯಾ ಚೆಯಾ ಹಸಿ ತೊಗರಿಕಾಯಿ ಬಿಡಿಸುತ್ತಾ ಕೂತಿದ್ದರು.

"ಕೊಂಪಾಯ್ ಎಲ್ಲಿ?" ಎಂದ ಬಿಯೆನ್ವೆ.

"ಕ್ಷೌರಕ್ಕೆ ಹೋಗಿದಾನೆ. ಯಾಕೆ, ಮುಖ ಯಾಕ್ ಹಾಗಿದೆ? ಕಾಫಿ ಕುಡೀರಿ."

"ಬೇಡ ಕೊಮಾಯ್. ಅವರಿಲ್ದಾಗ್ಲೇ ಬಂದೆ. ಅವರ ಹತ್ರ ಹೇಳೋಕೆ ನನ್ ಕೈಲಾಗಲ್ಲ." ಅವನು ಟೋಪಿ ತೆಗೆದು ತಿರುವುತ್ತಾ ನಿಂತ. "ನೇರ ಎಸೆಯೋಕ್ ಮುಂಚೆ ಅವರ ಕೈ ಮೇಲೆ ಬರುತ್ತೆ."

"ಅಂದ್ರೆ?"

"ಎಸೆಯೋಕ್ ಮುಂಚೆ ಎರಡೂ ಕೈ ಜೋಡಿಸಿ ಒಂದ್ ಕ್ಷಣ ನಿಲ್ತಾರಲ್ಲ, ಚೆಂಡು ಗ್ಲೌಸ್ ಒಳಗೆ ಇಟ್ಕೊಂಡು? ತಿರುವು ಚೆಂಡಾದ್ರೆ ಕೈ ಬೆಲ್ಟ್ ಹತ್ರ ಇರುತ್ತೆ. ನೇರ ಆದ್ರೆ ಮಾತ್ರ ಇಲ್ಲಿಗೆ ಬರುತ್ತೆ." ಅವನು ತನ್ನ ಗದ್ದ ಮುಟ್ಟಿದ. "ಮುಖ ಮುಚ್ಕೊಳ್ಳೋ ಹಾಗೆ. ಅವರಿಗೇ ಗೊತ್ತಿಲ್ಲ, ಪಾಪ. ನಮ್ ತಂಡದ ಕಟ್ಟೇಲಿ ಕೂತಿರೋ ಎಲ್ರಿಗೂ ಗೊತ್ತು."

ತೊಗರಿ ಬಿಡಿಸುವ ಸದ್ದು ನಿಂತಿತು.

"ಯಾವ ಚೆಂಡು ಬರುತ್ತೆ ಅಂತ ಮೊದ್ಲೇ ಗೊತ್ತಿದ್ರೆ ಯಾರ್ ಬೇಕಾದ್ರೂ ಹೊಡೀತಾರೆ ಕೊಮಾಯ್. ಅದೂ ಕಾದು ಕೂತ್ಕೊಂಡು, ಪೂರ್ತಿ ಬಲ ಹಾಕಿ. ಹಾಗ್ ಹೊಡೆದ ನೇರ ಎಲ್ಲಿಗ್ ಹೋಗುತ್ತೆ? ಬಂದಲ್ಲಿಗೇ ಹೋಗುತ್ತೆ." ಅವನು ಪಾರ್ಲರಿನ ಬಾಗಿಲ ಕಡೆ ನೋಡಿದ. "ಇದನ್ನ ನಾನ್ ಹೇಳಿದ್ದು ಅಂತ ನಮ್ಮವರಿಗೆ ಗೊತ್ತಾದ್ರೆ ಬೆಳಕ್ ಹರಿಯೋ ಅಷ್ಟ್ರಲ್ಲಿ ನನ್ನ ಓಡಿಸ್ತಾರೆ. ನೀವೇ ನೋಡಿದ್ದು ಅಂತ ಹೇಳಿ."

ಅವನು ಹೋದ ಮೇಲೆ ದೋನ್ಯಾ ಚೆಯಾ ಮಡಿಲಿನ ಸಿಪ್ಪೆ ಕೊಡವಿ ಎದ್ದರು.

"ಹೇಳ್ಬೇಡ ಕಣೇ."

"ಏನಂದ್ರಿ?"

"ಹೇಳ್ಬೇಡ ಅಂದೆ. ನಾಳೆ ನಾಲ್ಕ್ ಹೊಡೆತ ಬೀಳ್ಲಿ. ಆ ಮೆಕ್ಸಿಕೊದವನು ಮೂಗು ಮುರ್ಕೊಂಡ್ ಹೋಗ್ಲಿ. ನನ್ ಮಗ ಮನೇಲಿರ್ತಾನೆ. ನೀನೂ ಅದೇ ಬೇಡ್ಕೊಂಡಿದ್ದು, ನಂಗ್ ಗೊತ್ತಿಲ್ವಾ?"

"ಆ ನಾಲ್ಕರಲ್ಲಿ ಒಂದು ಮುಖಕ್ಕೆ ಬಿದ್ರೆ ದೋನ್ಯಾ ಚೆಯಾ? ಆಗ ಮನೇಲಿ ಎಷ್ಟು ಮಗ ಇರ್ತಾನೆ?"

ಅವರು ಮತ್ತೆ ಕೂತು ತೊಗರಿಗೆ ಕೈ ಹಾಕಿದರು. ಕೈ ಓಡಲಿಲ್ಲ. ನಾನು ಪಾರ್ಲರಿಗೆ ಮರಳಿ ಯಾರದೋ ತಲೆಗೆ ಯಾರದೋ ಬಣ್ಣ ಬಳಿದೆ. ಆ ಹೆಂಗಸು ಇನ್ನೂ ನನ್ನ ಜೊತೆ ಮಾತಾಡುವುದಿಲ್ಲ.

ಎಲಿಜಿಯೊಗೆ ಭಾನುವಾರ ಬೆಳಿಗ್ಗೆ ಹೇಳಿದೆ. ಶನಿವಾರವೇ ಹೇಳಬಹುದಿತ್ತು, ಆದರೆ ಅವನಿಗೊಂದು ನಿದ್ದೆಯಾದರೂ ಆಗಲಿ ಎಂದುಕೊಂಡೆ. ಹೇಳಿದ ಕೂಡಲೇ ನಕ್ಕ. ಆಮೇಲೆ ನಗು ನಿಂತು ಮುಖ ಬಿಗಿಯಿತು.

"ಯಾರ್ ಹೇಳಿದ್ದು?"

"ನಾನೇ ನೋಡ್ದೆ."

"ಇಷ್ಟ್ ವರ್ಷ ಆಟ ನೋಡಿ ಚೆಂಡಿನ ಬಣ್ಣ ಗೊತ್ತಿಲ್ಲ ನಿಂಗೆ, ಈಗ ಕೋಚ್ ಆಗ್ಬಿಟ್ಯಾ?" ಅವನು ಎದ್ದು ನನ್ನ ಪಾರ್ಲರಿನ ದೊಡ್ಡ ಕನ್ನಡಿಯ ಮುಂದೆ ನಿಂತ. ಎರಡೂ ಕೈ ಜೋಡಿಸಿದ. ಬೆಲ್ಟಿನ ಹತ್ತಿರ. ಇನ್ನೊಮ್ಮೆ. ಬೆಲ್ಟಿನ ಹತ್ತಿರವೇ. "ನೋಡು. ಎಲ್ ಬಂತು ಮೇಲೆ? ನೋಡು, ಕಣ್ಬಿಟ್ಟು ನೋಡು."

ಕನ್ನಡಿಗೆ ಯಾರು ಹೆದರುತ್ತಾರೆ? ನನಗೆ ಸಿಟ್ಟು ಬಂತು. ಸಿಟ್ಟು ಎನ್ನುವುದಕ್ಕಿಂತ ಅಳು. ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡೆ, ನೀರಿನ ದೊಡ್ಡ ಕ್ಯಾನಿನ ಪ್ಲಾಸ್ಟಿಕ್ ಮುಚ್ಚಳ ಕಿತ್ತೆ, ಅವನನ್ನು ಹಿತ್ತಿಲಿಗೆ ಎಳೆದುಕೊಂಡು ಹೋದೆ. ನಮ್ಮ ಬೀದಿಯ ಮಕ್ಕಳೆಲ್ಲ ಆಡುವುದು ಇದೇ ಆಟ. ಪೊರಕೆ ಕೋಲೇ ಬ್ಯಾಟು, ಮುಚ್ಚಳವೇ ಚೆಂಡು. ನಾನೂ ಆಡಿದವಳೇ, ಚೆನ್ನಾಗಿಯೇ ಹೊಡೆಯುತ್ತಿದ್ದೆ.

"ಎಸಿ," ಎಂದೆ.

"ಹುಚ್ಚು ಹಿಡ್ದಿದ್ಯಾ?"

"ಎಸಿ ಅಂದೆ. ಮೊದ್ಲು ತಿರುವು."

ಅವನು ಕೈ ಜೋಡಿಸಿದ. ಬೆಲ್ಟಿನ ಹತ್ತಿರ. ಮುಚ್ಚಳ ಬಾಗಿ ಬಂತು. ಬಿಟ್ಟೆ, ಎತ್ತಿ ಅವನಿಗೆ ಮರಳಿಸಿದೆ.

"ಈಗ ನೇರ."

ನಾನು ಕೋಲೆತ್ತಿ ಕಾಲು ಅಗಲಿಸಿ ನಿಂತೆ. ಅವನು ಕೈ ಜೋಡಿಸಿದ. ಕೈ ಬೆಲ್ಟಿನ ಹತ್ತಿರ ಇತ್ತು. ಆಮೇಲೆ ಮೆಲ್ಲಗೆ, ಅವನಿಗೇ ತಿಳಿಯದ ಹಾಗೆ, ಎದೆಗೆ ಬಂತು, ಎದೆಯಿಂದ ಗದ್ದಕ್ಕೆ ಬಂತು. ಹೆಂಡತಿಯ ಕೈಯಲ್ಲಿ ಪೊರಕೆ, ಅವನ ಕೈಯಲ್ಲಿ ಪ್ಲಾಸ್ಟಿಕ್ ಮುಚ್ಚಳ. ಅದಕ್ಕೂ ಅವನ ಮೈ ಹೆದರಿತು.

"ಹಾಗೇ ನಿಲ್ಲು. ಅಲ್ಲಾಡಬೇಡ," ಎಂದೆ. "ಈಗ ಕೈ ಎಲ್ಲಿದೆ ನೋಡ್ಕೋ."

ಅವನು ಕಣ್ಣು ಕೆಳಗೆ ಹಾಕಿ ನೋಡಿಕೊಂಡ. ತನ್ನ ಮೈಮೇಲೆ ಹಲ್ಲಿ ಕೂತಿರುವುದನ್ನು ನೋಡಿದವನಂತೆ ಆಯಿತು ಅವನ ಮುಖ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ.

"ಕೊಂಪಾಯ್ ಬಂದಿದ್ರು, ಅಲ್ವಾ?" ಎಂದ.

ನಾನು ಪೊರಕೆಯನ್ನು ಗೋಡೆಗೆ ಒರಗಿಸಿದೆ. ಅದೇ ಉತ್ತರವಾಯಿತು.

"ಕೋಚ್‌ಗೆ ಹೇಳ್ಬೇಡ. ಹೇಳಿದ್ರೆ ಕಟ್ಟೆ ಮೇಲೇ ಕೂರಿಸ್ತಾರೆ. ಮೆಕ್ಸಿಕೊದವನು ನೋಡೋಕ್ ಬಂದಿರೋದು ಇವತ್ತೇ."

"ಇವತ್ತು ಆಡ್ಬೇಡ ಎಲಿಜಿಯೊ. ಹೊಟ್ಟೆನೋವು ಅನ್ನು."

"ಗೊತ್ತಾಯ್ತಲ್ಲ, ಇನ್ನು ಕೆಳಗೇ ಇಟ್ಕೋತೀನಿ. ಕೈ ನಂದು ತಾನೇ? ನಾನ್ ಹೇಳಿದ್ ಹಾಗೆ ಕೇಳುತ್ತೆ."

ಸಂಜೆಯ ಬಿಸಿಲು ಇನ್ನೂ ಇರುವಾಗಲೇ ಕ್ರೀಡಾಂಗಣ ತುಂಬಿತ್ತು. ದೋನ್ಯಾ ಚೆಯಾ ಬರಲಿಲ್ಲ. ನಾಯೆಲಿಯನ್ನು ಹತ್ತಿರ ಕೂರಿಸಿಕೊಂಡು ಮನೆಯಲ್ಲೇ ಉಳಿದರು, ಟಿವಿಯನ್ನೂ ಹಾಕಬೇಡ ಎಂದರು. ನನ್ನ ಕುರ್ಚಿ, ಬ್ಯಾಟರ್ ಬೆನ್ನಿಗೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ನ ಹಿಂದೆ, ಬಲೆಯ ಈಚೆ. ಅಲ್ಲಿಂದ ದಿಣ್ಣೆಯ ಮೇಲೆ ನಿಂತವನ ಮುಖ ಎದುರಿಗೇ ಕಾಣುತ್ತದೆ. ಆಟ ನಡೆಯುತ್ತಿತ್ತು, ನನಗೆ ಏನೂ ತಲೆಗೆ ಹೋಗಲಿಲ್ಲ. ಪಕ್ಕದವಳು ಹುರಿದ ಹಂದಿಮಾಂಸ ಕೊಟ್ಟಳು. ಕೈಯಲ್ಲೇ ಹಿಡಿದು ಕೂತೆ, ಎಣ್ಣೆ ಮೊಣಕೈವರೆಗೆ ಇಳಿಯಿತು. ಇವತ್ತು ಅವನನ್ನು ಕರೆಯದಿರಲಿ ಎಂದು ಒಬ್ಬೊಬ್ಬ ಸಂತರ ಹೆಸರನ್ನೂ ಹೇಳಿಕೊಂಡೆ. ನೆನಪಿದ್ದ ಸಂತರೆಲ್ಲ ಮುಗಿದರು.

ಕರೆದರು. ಕೊನೆಯ ಇನಿಂಗ್ಸ್, ನಾವು ಒಂದೇ ಒಂದು ರನ್ ಮುಂದೆ. ರಾಜಧಾನಿಯವರು ಇಬ್ಬರು ರನ್ನಿಗೆ ಕಾದು ಬೇಸುಗಳ ಮೇಲಿದ್ದರು, ಒಬ್ಬ ಔಟಾಗಿದ್ದ. ಇನ್ನಿಬ್ಬರನ್ನು ಔಟ್ ಮಾಡಿದರೆ ಆಟ ನಮ್ಮದು. ಎಲಿಜಿಯೊ ಓಡುತ್ತಾ ಬಂದು ದಿಣ್ಣೆ ಹತ್ತಿದ. ಜನ ಅವನ ಹೆಸರು ಕೂಗಿದರು.

ಮೊದಲ ಬ್ಯಾಟರ್‌ಗೆ ಬರೀ ತಿರುವು ಎಸೆದ. ಕೈ ಬೆಲ್ಟಿನ ಹತ್ತಿರವೇ ಇತ್ತು. ಚೆಂಡು ಬ್ಯಾಟಿನ ತುದಿಗೆ ತಾಗಿ ಮೇಲಕ್ಕೆ ಹಾರಿತು, ಹಿಡಿದರು, ಔಟ್. ಇನ್ನೊಬ್ಬ ಸಾಕು. ಎರಡನೆಯವನು ಬಂದ. ಎಲಿಜಿಯೊ ಕೈ ಜೋಡಿಸಿದ. ಕೈಯನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದ, ಅದು ನನಗೆ ಕಾಣುತ್ತಿತ್ತು. ಎಸೆಯುವ ಮುನ್ನ, ಒಂದು ಉಸಿರಿನ ಅಂತರದಲ್ಲಿ, ಅದು ಸರ್ರನೆ ಗದ್ದಕ್ಕೆ ಬಂತು. ಬ್ಯಾಟರ್ ಹಲ್ಲು ಬಿಟ್ಟ. ದೇವರಾಣೆ, ನಾನು ನೋಡಿದೆ, ಚೆಂಡು ಕೈಬಿಡುವ ಮೊದಲೇ ಅವನು ಹಲ್ಲು ಬಿಟ್ಟ.

ಹೊಡೆತದ ಸದ್ದಿಗೆ ನಾನು ಕಣ್ಣು ಮುಚ್ಚಿದೆ. ತೆರೆದಾಗ ಎಲಿಜಿಯೊ ಮೊಣಕಾಲೂರಿದ್ದ. ಟೋಪಿ ಕೆಳಗೆ ಬಿದ್ದಿತ್ತು. ಚೆಂಡು ಅವನ ಕಿವಿಯ ಪಕ್ಕದಲ್ಲೇ ಹಾದು ಹಿಂದಿನ ಹುಲ್ಲಿಗೆ ಹೋಗಿತ್ತು. ತಾಗಿರಲಿಲ್ಲ. ತಾಗಿಲ್ಲ, ತಾಗಿಲ್ಲ ಎಂದು ನಾನು ಜೋರಾಗಿಯೇ ಹೇಳುತ್ತಿದ್ದೆನಂತೆ. ಪಕ್ಕದವಳು ಭುಜ ಹಿಡಿದು ಕೂರಿಸಿದಳು. ಚೆಂಡನ್ನು ಬೇಗ ಎತ್ತಿ ಎಸೆದಿದ್ದರಿಂದ ರನ್ ಬರಲಿಲ್ಲ, ಆದರೆ ಮೂರು ಬೇಸುಗಳ ಮೇಲೂ ಅವರ ಓಟಗಾರರು ನಿಂತರು. ಮುಂದಿನ ಬ್ಯಾಟರ್ ಬಿಯೆನ್ವೆ.

ರಾಜಧಾನಿಯ ಜನ ಎದ್ದು ನಿಂತರು. ಅವರ ಬಾಯಿಗೆ ಬೀಗವಿಲ್ಲ.

"ಬಿಯೆನ್ವೇ! ಇನ್ನೊಂದ್ ಕೆನ್ನೆ ಬಾಕಿ ಇದೆ ನೋಡೋ!"

"ಜೋಡಿ ಮಾಡ್ಬಿಡೋ! ಒಂದೇ ಕಡೆ ಪಟ್ಟಿ ಇದ್ರೆ ಚೆನ್ನಾಗ್ ಕಾಣಲ್ಲ!"

ನಾನು ತಿರುಗಿ ಕೈಯಲ್ಲಿದ್ದ ಮಾಂಸವನ್ನು ಅವರತ್ತ ಎಸೆದೆ. ಯಾರಿಗೆ ಬಿತ್ತೋ ಗೊತ್ತಿಲ್ಲ. ಕೋಚ್ ದಿಣ್ಣೆಗೆ ನಡೆದು ಬಂದ. ಕರೆದುಕೊಂಡು ಹೋಗಪ್ಪಾ, ಕೈಮುಗಿಯುತ್ತೇನೆ, ಕರೆದುಕೊಂಡು ಹೋಗು ಎಂದುಕೊಂಡೆ. ಎಲಿಜಿಯೊ ತಲೆಯಾಡಿಸುತ್ತಿದ್ದ. ಇಲ್ಲ, ಇಲ್ಲ, ನಾನೇ ಮುಗಿಸುತ್ತೇನೆ. ಕೋಚ್ ಅವನ ಬೆನ್ನು ತಟ್ಟಿ ಮರಳಿದ.

ತಿರುವು ಚೆಂಡುಗಳೇ ಬಂದವು. ಕೆಲವಕ್ಕೆ ಬಿಯೆನ್ವೆ ಬೀಸಿ ತಪ್ಪಿದ, ಕೆಲವು ಅವನಿಂದ ದೂರ ಹೊರಗೆ ಹೋದವು. ಕೊನೆಗೆ ಲೆಕ್ಕ ಎಲ್ಲಿಗೆ ಬಂತೆಂದರೆ ಮುಂದಿನ ಚೆಂಡಿಗೆ ತೀರ್ಮಾನ. ಒಳ್ಳೆಯ ಚೆಂಡನ್ನು ಅವನು ಹೊಡೆಯದಿದ್ದರೆ ಔಟ್, ಚೆಂಡು ಹೊರಗೆ ಹೋದರೆ ರಾಜಧಾನಿಯವರಿಗೆ ಸುಮ್ಮನೆ ಒಂದು ರನ್, ಆಟ ಸಮ. ಕ್ಯಾಚರ್ ಬೆರಳ ಸನ್ನೆಯಲ್ಲಿ ಮತ್ತೆ ತಿರುವು ಕೇಳಿದನೆಂದು ಕಾಣುತ್ತದೆ. ಎಲಿಜಿಯೊ ಬೇಡವೆಂದು ತಲೆಯಲ್ಲಾಡಿಸಿದ. ಮತ್ತೆ ಕೇಳಿದ. ಮತ್ತೆ ಬೇಡ. ಆಗ ನನಗೆ ಗೊತ್ತಾಯಿತು. ಆ ಹಟಮಾರಿ ನೇರವನ್ನೇ ಎಸೆಯುತ್ತಾನೆ. ತನ್ನ ಕೆನ್ನೆ ಒಡೆದ ಚೆಂಡನ್ನೇ, ಒಡೆದವನಿಗೇ ಎಸೆದು, ತನಗೆ ಹೆದರಿಕೆಯಿಲ್ಲ ಎಂದು ತನಗೇ ತೋರಿಸಿಕೊಳ್ಳುತ್ತಾನೆ.

ಕೈ ಜೋಡಿಸಿದ. ಬೆಲ್ಟಿನ ಹತ್ತಿರ. ಅಲ್ಲೇ ಇರಲಿ, ಅಲ್ಲೇ ಇರಲಿ. ಅವನ ದವಡೆ ಬಿಗಿಯಿತು, ತೋಳಿನ ನರ ಉಬ್ಬಿತು. ಕೈಯೊಂದಿಗೆ ಕುಸ್ತಿ ನಡೆಸುತ್ತಿದ್ದ. ಕೈ ಗೆದ್ದಿತು. ಎದೆಗೆ ಬಂತು, ಗದ್ದಕ್ಕೆ ಬಂತು, ಈ ಸಲ ಬಾಯಿಯನ್ನೇ ಮುಚ್ಚಿತು. ಗ್ಲೌಸಿನ ಮೇಲೆ ಬರೀ ಕಣ್ಣೆರಡು ಕಾಣುತ್ತಿದ್ದವು. ಕ್ರೀಡಾಂಗಣದಲ್ಲಿ ಆ ಹೆದರಿಕೆಯನ್ನು ಓದಬಲ್ಲವರು ಎಷ್ಟು ಜನರಿದ್ದರೋ, ನನಗಂತೂ ಇಬ್ಬರು ಗೊತ್ತು. ಒಬ್ಬಳು ನಾನು. ಇನ್ನೊಬ್ಬ ಬ್ಯಾಟು ಹಿಡಿದು ನಿಂತಿದ್ದ.

ಚೆಂಡು ಬಂತು. ನೇರ, ನಡುಮಧ್ಯಕ್ಕೆ, ಮಗುವಿಗೆ ತುತ್ತು ಇಟ್ಟ ಹಾಗೆ. ಬಿಯೆನ್ವೆಯ ಬ್ಯಾಟು ಭುಜದ ಮೇಲೆಯೇ ಇತ್ತು. ಅವನು ಅಲುಗಲಿಲ್ಲ. ಚೆಂಡು ಕ್ಯಾಚರ್‌ನ ಗ್ಲೌಸಿಗೆ ಬಿದ್ದ ಸದ್ದು, ಅಂಪೈರ್ ಕೈಯೆತ್ತಿದ್ದು, ಔಟ್. ನಮ್ಮ ಕಡೆಯ ಡೋಲುಗಳೆಲ್ಲ ಒಟ್ಟಿಗೆ ಸಿಡಿದವು. ಗುರುತಿಲ್ಲದವರು ನನ್ನನ್ನು ತಬ್ಬಿಕೊಂಡರು. ನಾನು ಕೂತುಬಿಟ್ಟೆ. ದಿಣ್ಣೆಯ ಮೇಲೆ ಅವನ ಮೇಲೆ ಏಳೆಂಟು ಜನ ಬಿದ್ದಿದ್ದರು. ಆ ತೋಳುಗಳ ನಡುವಿನಿಂದ ಎಲಿಜಿಯೊ ಯಾರನ್ನೂ ನೋಡದೆ ಬಿಯೆನ್ವೆಯನ್ನೇ ನೋಡುತ್ತಿದ್ದ. ಬಿಯೆನ್ವೆ ತಲೆ ತಗ್ಗಿಸಿ ನಡೆಯುತ್ತಿದ್ದ. ಅವನ ಕಡೆಯ ಜನ ಅವನ ಮೇಲೆ ಬಿಯರ್ ಲೋಟಗಳನ್ನು ಎಸೆಯುತ್ತಿದ್ದರು.

ಆಟಗಾರರು ಹೊರಬರುವ ಬಾಗಿಲಲ್ಲಿ ಮೆಕ್ಸಿಕೊದವನು ಕಾದಿದ್ದ. ಗುಂಡಗಿನ ನಗುಮುಖದ ಮನುಷ್ಯ. ಎಲಿಜಿಯೊನ ಎರಡೂ ಕೈ ಹಿಡಿದು ಕುಲುಕಿದ. "ಎಂಥಾ ಧೈರ್ಯ ಸ್ವಾಮಿ ನಿಮ್ದು! ನಾಳೆ ಬೆಳಿಗ್ಗೆ ಹೋಟ್ಲಿಗೆ ಬನ್ನಿ, ಕೂತು ಮಾತಾಡೋಣ." ಎಲಿಜಿಯೊ ಹೂಂ ಎಂದು ಅವನನ್ನು ದಾಟಿಕೊಂಡು ರಾಜಧಾನಿಯವರ ಬಸ್ಸಿನ ಕಡೆ ಹೋದ. ನಾನೂ ಹಿಂದೆಯೇ ಹೋದೆ. ಬಿಯೆನ್ವೆ ಬಸ್ಸು ಹತ್ತದೆ, ಒದ್ದೆ ಅಂಗಿಯಲ್ಲಿ, ಚೀಲ ಕಾಲಬುಡದಲ್ಲಿ ಇಟ್ಟುಕೊಂಡು ನಿಂತಿದ್ದ.

"ಯಾಕ್ ಬೀಸ್ಲಿಲ್ಲ ಕೊಂಪಾಯ್?"

"ಹೊರಗ್ ಹೋಗುತ್ತೆ ಅಂದ್ಕೊಂಡೆ."

"ನಾಯೆಲಿ ಮೇಲೆ ಆಣೆ ಮಾಡಿ ಹೇಳಿ."

ಬಿಯೆನ್ವೆ ಆಣೆ ಮಾಡಲಿಲ್ಲ. ಮುಖ ಒರೆಸಿಕೊಂಡ. "ನಿಮ್ ಕೈ ಮೇಲೆ ಬಂತು. ಹೊಡೀಬೇಕು ಅಂತ್ಲೇ ನಿಂತಿದ್ದೆ, ನನ್ನಮ್ಮನಾಣೆ. ಆದ್ರೆ ಹೊಡೆಯೋಕ್ ಮುಂಚೇನೇ ಆ ಸದ್ದು ಕೇಳಿಸ್ತು ನಂಗೆ. ಬ್ಯಾಟ್ ಏಳ್ಲೇ ಇಲ್ಲ."

"ಯಾಕ್ ಬಸ್ ಹತ್ತಿಲ್ಲ?"

"ನಾಳೆಯಿಂದ ಬರೋದ್ ಬೇಡ ಅಂದ್ರು."

ಎಲಿಜಿಯೊಗೆ ಸಿಟ್ಟು ಬಂತು. "ನೀವು ಹೊಡೀಬೇಕಿತ್ತು."

"ನೀವು ದಿಣ್ಣೆ ಇಳೀಬೇಕಿತ್ತು," ಎಂದ ಬಿಯೆನ್ವೆ.

ಬಸ್ಸು ಹೊರಟಿತು. ಅವನು ಚೀಲ ಹೆಗಲಿಗೇರಿಸಿ ಅಮ್ಮನ ಮನೆಯ ಕಡೆ ನಡೆದ. ನಾವು ಮನೆಗೆ ಬಿಡುತ್ತೇವೆಂದರೂ ಕೇಳಲಿಲ್ಲ.

ನಮ್ಮ ಗಾಡಿಯ ಸುತ್ತ ಜನ ಮುತ್ತಿದ್ದರು. ಬಾನೆಟ್ಟಿನ ಮೇಲೆ ತಾಳ ಹಾಕುತ್ತಿದ್ದರು. ಎಲಿಜಿಯೊ ಸ್ಟೀರಿಂಗಿನ ಮುಂದೆ ಕೂತು ಕೀಲಿ ತೂರಿಸಲು ಹೋದ. ಕೀಲಿ ಕೆಳಗೆ ಬಿತ್ತು. ಎತ್ತಿಕೊಂಡ, ಮತ್ತೆ ಬಿತ್ತು. ಕಿಟಕಿಗೆ ಮುಖ ಒತ್ತಿ ಯಾರೋ ಕಿರುಚಿದರು, "ಹೆದರಿಕೆ ಅಂದ್ರೇನು ಅಂತ್ಲೇ ಗೊತ್ತಿಲ್ಲ ಕಣ್ರೋ ಈ ಗಂಡಿಗೆ!"

"ಯುದೆಲ್ಕಾ," ಎಂದ ಅವನು, ನನ್ನತ್ತ ತಿರುಗದೆ, "ನಂಗೆ ಹೆದರಿಕೆ ಆಗ್ತಿದೆ."

ಒಂದು ವರ್ಷದಿಂದ ಅವನು ಈ ಮಾತು ಹೇಳಲಿ ಎಂದು ಕಾದಿದ್ದೆ. ಹೇಳಿದ ಮೇಲೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಕೆಳಗಿಳಿದೆ, ಜನರನ್ನು ತಳ್ಳಿಕೊಂಡು ಆ ಕಡೆಗೆ ಹೋದೆ, ಅವನನ್ನು ಸರಿಸಿ ನಾನೇ ಸ್ಟೀರಿಂಗ್ ಹಿಡಿದೆ. ಮೆಕ್ಸಿಕೊದವನು ಇನ್ನೂ ಬಾಗಿಲಲ್ಲಿ ನಿಂತು ನಮ್ಮತ್ತ ಕೈ ಬೀಸುತ್ತಿದ್ದ.

"ಬರಲ್ಲ ಅಂತ ನಾನೇ ಅವನಿಗೆ ಹೇಳ್ಲಾ?" ಎಂದೆ.

"ಬೇಡ. ಬೆಳಿಗ್ಗೆ ನಾನೇ ಹೋಗಿ ಹೇಳ್ತೀನಿ," ಎಂದ ಎಲಿಜಿಯೊ. "ಅಲ್ಲಿಂದ ಹಾಗೇ ಕೊಂಪಾಯ್ ಮನೆಗೆ ಹೋಗ್ಬೇಕು. ಅವರಿಗೂ ನಾಳೆ ಕೆಲಸ ಇಲ್ಲ."